ಸ್ವಚ್ಛತಾ ಮಂತ್ರಿ

ನಮ್ಮ ಮನೆಯಲ್ಲಿ ಕಕ್ಕಸು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಿಂದಕ್ಕೆ ಹೋಗಿ ಬರ್ತೀನಿ ಅನ್ನುತ್ತಿದ್ದೆವು. ಗುಬ್ಬಿಯ ಆ ಮನೆಯಲ್ಲಿ ಹಿಂದೆ ಅಂದರೆ ಹಿತ್ತಿಲು. ಅಡುಗೆಮನೆ ದಾಟಿದರೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ತಾಮ್ರದ ಹಂಡೆಯಿದ್ದ ಬಚ್ಚಲುಮನೆ, ಅದನ್ನೂ ದಾಟಿದರೆ ಎರಡು ತೆಂಗಿನಮರ, ಕಡೆಗೆ ಕಾಂಪೌಂಡಿಗೆ ಅಂಟಿಕೊಂಡಂತೆ ತಗಡಿನ ಬಾಗಿಲಿನ ಆ ಪುಟ್ಟ ಕೋಣೆ. ಹೊರಗಿನ ಓಣಿಯಿಂದ ನೇರವಾಗಿ ಅಲ್ಲಿಗೇ ಬರಲು ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿತ್ತು. ಶನಿವಾರ ಬೆಳಿಗ್ಗೆ ಅದರಿಂದ ಮಾರಕ್ಕ ಬರುತ್ತಿದ್ದಳು. ಅವಳು ಉಜ್ಜುತ್ತಿದ್ದಳು, ಅಜ್ಜಿ ಅಷ್ಟು ದೂರದಲ್ಲಿ ನಿಂತು ಕೊಡದಿಂದ ನೀರು ಹೊಯ್ಯುತ್ತಿದ್ದಳು. ಕೆಲಸ ಮುಗಿದ ಮೇಲೆ ಎಲೆಯಲ್ಲಿ ಸುತ್ತಿದ ಮುದ್ದೆ, ಹಬ್ಬವಾದರೆ ಒಬ್ಬಟ್ಟು, ಗೋಡೆಯ ಮೇಲೆ ಇರುತ್ತಿತ್ತು. ಮಾರಕ್ಕ ನಮ್ಮ ಮನೆಯ ಮುಂದಿನ ಜಗುಲಿಯನ್ನು ಎಂದಾದರೂ ನೋಡಿದ್ದಳೋ ಇಲ್ಲವೋ ನನಗೆ ತಿಳಿಯದು. ಅವಳು ಬಾರದ ವಾರ ಅಮ್ಮನೇ ಆ ಕೆಲಸ ಮಾಡುತ್ತಿದ್ದಳು, ಅದೂ ಅಜ್ಜಿ ದೇವರ ಮುಂದೆ ಕೂತಿರುವಾಗ, ಕದ್ದು. ಒಮ್ಮೆ ನಾನು ನೋಡಿಬಿಟ್ಟೆ. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಿದ್ದ ಅಮ್ಮ ತುಟಿಯ ಮೇಲೆ ಬೆರಳಿಟ್ಟಳು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖ ಹಾಗಿರುತ್ತದೆ ಎಂದು ನನಗೆ ಅನಿಸಿದ್ದು ನೆನಪಿದೆ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಅರ್ಜಿ ಬರೆದರೆ ಅದಕ್ಕೆ ಬೆಲೆ ಇದೆ ಎಂದು ಊರಲ್ಲಿ ಮಾತಿತ್ತು. ಬೆಳಿಗ್ಗೆ ಜಗುಲಿಯ ಮೇಲೆ ಮೂರು ನಾಲ್ಕು ಜನ ಕಾಗದ ಹಿಡಿದು ಕೂತಿರುತ್ತಿದ್ದರು. ಆದರೆ ಮನೆಯೊಳಗೆ ನಡೆಯುತ್ತಿದ್ದದ್ದು ಅಜ್ಜಿಯ ಮಾತು. ಸಾರಿಗೆ ಹುಣಸೆ ಎಷ್ಟು, ಹಂಡೆಗೆ ಸೌದೆ ಎಷ್ಟು, ಅಮ್ಮ ತವರಿಗೆ ಹೋಗಬೇಕೋ ಬೇಡವೋ, ಎಲ್ಲವೂ ಅವಳು ಹೇಳಿದಂತೆ. ಅಮ್ಮ ಎದುರಾಡುತ್ತಿದ್ದಳು, ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಕೊನೆಗೆ ಸುಮ್ಮನಾಗುತ್ತಿದ್ದಳು. ಒಬ್ಬಳೇ ಮಗಳಾದ ನಾನು ಅಜ್ಜಿಯ ಮಗ್ಗುಲು ಬಿಡುತ್ತಿರಲಿಲ್ಲ. ಯಾರ ಮಡಿಲಲ್ಲಿ ಕೂತರೆ ಯಾರೂ ನನ್ನನ್ನು ಏನೂ ಮಾಡಲಾರರು ಎನ್ನುವುದನ್ನು ನಾನು ಅಕ್ಷರ ಕಲಿಯುವುದಕ್ಕೂ ಮೊದಲೇ ಕಲಿತಿದ್ದೆ.

ನಾಲ್ಕನೇ ತರಗತಿಯಲ್ಲಿ ನಮಗೆ ವನಜಾ ಮಿಸ್ ಬಂದರು. ಕುಣಿಗಲ್ ಕಡೆಯವರು. ಶಾಲೆಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಈಗ ಜೀವನ ಕೌಶಲ, ನಾಗರಿಕ ಮೌಲ್ಯ ಎಂದು ದೊಡ್ಡ ದೊಡ್ಡ ಹೆಸರಿಟ್ಟು ಕೈಪಿಡಿ ಮಾಡಿ ಹಂಚುತ್ತೇವಲ್ಲ, ಅವರು ಅದನ್ನೆಲ್ಲ ಯಾವ ಹೆಸರೂ ಇಲ್ಲದೆ ಮಾಡುತ್ತಿದ್ದರು. ಹುಡುಗರ ಕೈಗೆ ಸೂಜಿ ದಾರ ಕೊಟ್ಟು ಅವರವರ ಅಂಗಿಯ ಗುಂಡಿ ಹೊಲಿಸಿದರು. ಹುಡುಗಿಯರಿಂದ ಸೈಕಲ್ಲಿಗೆ ಗಾಳಿ ಹೊಡೆಸಿದರು. ನಮ್ಮನ್ನೆಲ್ಲ ಪೋಸ್ಟಾಫೀಸಿಗೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿ, ನಮ್ಮ ಬಾಯಿಂದಲೇ ಕಾರ್ಡು ಕೇಳಿಸಿದರು. ಶುಕ್ರವಾರ ಮಧ್ಯಾಹ್ನ ಸಭೆ. ಯಾರ ಮೇಲೆ ಏನು ದೂರಿದ್ದರೂ ಎದ್ದು ನಿಂತು ಹೇಳಬೇಕು, ಕೂಗಬಾರದು, ಇನ್ನೊಬ್ಬರು ಮುಗಿಸುವ ತನಕ ಬಾಯಿ ಹಾಕಬಾರದು. ಕೇಳುವುದು ಮಾತಾಡುವುದಕ್ಕಿಂತ ಕಷ್ಟದ ಕೆಲಸ ಎಂದು ನನಗೆ ಗೊತ್ತಾದದ್ದು ಆ ಸಭೆಗಳಲ್ಲಿ. ಮನೆಯಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ.

ತರಗತಿಗೆ ಒಂದು ಮಂತ್ರಿಮಂಡಲವೂ ಆಯಿತು. ಚೀಟಿ ಹಾಕಿ ಮತದಾನ. ನಾನು ಸ್ವಚ್ಛತಾ ಮಂತ್ರಿಯಾದೆ. ಅಪ್ಪ ಆ ದಿನ ಕಚೇರಿಯಿಂದ ಬರುವಾಗ ನನಗೊಂದು ಹೊಸ ರಿಬ್ಬನ್ ತಂದರು. ಗೋಡೆಯ ಮೇಲೆ ಮಿಸ್ ಒಂದು ಪಟ್ಟಿ ಅಂಟಿಸಿದರು. ಕಸ ಗುಡಿಸುವುದು, ನೀರು ತುಂಬುವುದು, ಗಿಡಕ್ಕೆ ಹಾಕುವುದು, ಬೋರ್ಡು ಒರೆಸುವುದು, ಕೊನೆಯ ಸಾಲಿನಲ್ಲಿ ಕಕ್ಕಸು ತೊಳೆಯುವುದು. ನಮ್ಮ ಶಾಲೆಗೆ ಆಗಷ್ಟೇ ಎರಡು ಕಕ್ಕಸು ಕಟ್ಟಿಸಿದ್ದರು, ತೊಳೆಯುವವರನ್ನು ಮಾತ್ರ ಕೊಟ್ಟಿರಲಿಲ್ಲ. ಮೊದಲ ವಾರ ಮಿಸ್ ಒಬ್ಬರೇ, ನಮ್ಮೆಲ್ಲರನ್ನೂ ಹೊರಗೆ ನಿಲ್ಲಿಸಿಕೊಂಡು, ಕಡ್ಡಿ ಪೊರಕೆ ಹಿಡಿದು ತೊಳೆದರು. ತೊಳೆದ ಮೇಲೆ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು, ನಮ್ಮ ಕಡೆಗೆ ಎರಡೂ ಕೈ ಚಾಚಿ ತೋರಿಸಿದರು.

“ನೋಡ್ರೋ, ಏನಾದ್ರೂ ಅಂಟ್ಕೊಂಡಿದ್ಯಾ? ಗಲೀಜು ಮಾಡೋರು ಎಲ್ರೂ ಅಂದ್ಮೇಲೆ ತೊಳೆಯೋರೂ ಎಲ್ರೂ. ವಾರಕ್ಕಿಬ್ಬರು. ನಾನೂ ಜೊತೇಲಿರ್ತೀನಿ.”

ಬೆಳಿಗ್ಗೆ ಪ್ರಾರ್ಥನೆಯ ನಂತರ ಪಟ್ಟಿ ಓದುವುದು ಮಂತ್ರಿಯ ಕೆಲಸ. ಮೂರು ವಾರ ನಾನು ಬೇರೆಯವರ ಹೆಸರುಗಳನ್ನು ಗಟ್ಟಿಯಾಗಿ ಓದಿದೆ. ನಾಲ್ಕನೇ ವಾರದ ಸಾಲಿನಲ್ಲಿ ನನ್ನ ಹೆಸರಿತ್ತು, ಜೊತೆಗೆ ಹನುಮಕ್ಕನ ಹೆಸರು. ಹನುಮಕ್ಕ ಮಾರಕ್ಕನ ಮಗಳು. ಮಗ್ಗಿಯಲ್ಲಿ ನನಗಿಂತ ಚುರುಕು. ಸಭೆಯಲ್ಲಿ ಎದ್ದು ನಿಂತರೆ ಮಾತಿಗೆ ಮೊದಲು ಸ್ವಲ್ಪ ನಗುತ್ತಿದ್ದಳು. ಆ ದಿನ ಮಿಸ್ ಬಕೆಟ್ಟಿನಲ್ಲಿ ನೀರು ಹಿಡಿದು ನಿಂತಿದ್ದರು. ಪೊರಕೆಯನ್ನು ನನ್ನ ಕೈಗೆ ಕೊಟ್ಟರು. ನಾನು ಬಾಗಿಲವರೆಗೆ ಹೋದೆ. ಹೋಗಿ, ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ.

“ಮಿಸ್, ಹೊಟ್ಟೆನೋವು.”

ಅವರಿಗೆ ಗೊತ್ತಾಗಿರಬೇಕು. ಆದರೂ ಬೈಯಲಿಲ್ಲ. ಹೋಗಿ ಒಳಗೆ ಕೂತ್ಕೋ, ಮುಂದಿನ ವಾರ ಮಾಡುವಂತೆ ಎಂದರು. ಹನುಮಕ್ಕ ಪೊರಕೆ ಎತ್ತಿಕೊಂಡಳು. ಅವರಿಬ್ಬರೇ ತೊಳೆದರು. ನಾನು ಕಕ್ಕಸಿನೊಳಗೆ ಕಾಲಿಡಲೂ ಇಲ್ಲ.

ನಾನು ಮನೆಗೆ ಬರುವ ಮೊದಲೇ ಪಕ್ಕದ ಮನೆಯ ಹುಡುಗಿ ನನ್ನನ್ನು ಕಕ್ಕಸು ತೊಳೆಯಲು ಕರೆದದ್ದನ್ನು ಹೇಳಿಯಾಗಿತ್ತು. ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು.

“ಏನ್ಲೇ, ಕಕ್ಕಸು ತೊಳುದ್ಯಂತೆ?”

ನಿಜ ಹೇಳುವುದು ಬಹಳ ಸುಲಭವಿತ್ತು. ಇಲ್ಲ ಅಜ್ಜಿ, ತೊಳೆಯಲಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಗಂದರೆ ಮುಂದಿನ ವಾರ ಇದ್ದೇ ಇತ್ತು. ಎಲ್ಲರ ಸರದಿಯೂ ಬರುತ್ತದೆ ಎಂದು ಹೇಳಿದರೆ, ಆ ಪಟ್ಟಿಯನ್ನು ದಿನಾ ಓದುವವಳು ನಾನೇ ಎನ್ನುವುದೂ ಹೊರಗೆ ಬರುತ್ತಿತ್ತು. ಅಜ್ಜಿಯ ಮುಖವನ್ನೇ ನೋಡುತ್ತ ಹೇಳಿದೆ.

“ಮಿಸ್ಸು ನನ್ನೊಬ್ಳ ಕೈಲೇ ತೊಳೆಸಿದ್ರು ಅಜ್ಜಿ. ಒಲ್ಲೆ ಅಂದಿದ್ಕೆ ಹೊಡುದ್ರು.”

ಹೊಡೆದರು ಎನ್ನುವುದು ನಾನು ಯೋಚಿಸಿ ಸೇರಿಸಿದ್ದಲ್ಲ, ತಾನಾಗಿ ಬಂತು. ಬಂದದ್ದೇ ಅಳುವೂ ಬಂತು. ಅಜ್ಜಿ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಅರಿಶಿನ ಹಚ್ಚಿ, ಮೈ ಕೆಂಪಾಗುವ ಹಾಗೆ ಉಜ್ಜಿ ತಲೆಗೆ ನೀರು ಹಾಕಿದಳು. ಸಂಜೆ ನನಗಾಗಿ ಒತ್ತು ಶಾವಿಗೆ, ಕಾಯಿಹಾಲು ಮಾಡಿಸಿದಳು. ಹಬ್ಬವಿಲ್ಲದ ದಿನ ಆ ಮನೆಯಲ್ಲಿ ಅದು ಆದದ್ದು ಅದೊಂದೇ ಸಲ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಅಪ್ಪ ಊಟ ಮುಗಿಸಿ ಕೈ ತೊಳೆದು ಬಂದು ಬಿಳಿ ಹಾಳೆ ತೆಗೆದುಕೊಂಡು ಕೂತರು. ಬರೆದು ಮುಗಿಸಿ ಅಜ್ಜಿಗೆ ಓದಿ ಹೇಳಿದರು. ಅದರಲ್ಲಿ ‘ನನ್ನ ಅಪ್ರಾಪ್ತ ಮಗಳ ಮೇಲೆ ದೌರ್ಜನ್ಯ’ ಎಂಬ ಮಾತಿತ್ತು. ಅಷ್ಟು ದೊಡ್ಡ ಮಾತು ನನ್ನ ಬಗ್ಗೆಯೇ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಆದದ್ದು ಹೆಮ್ಮೆಯೇ.

ಆ ಶನಿವಾರ ಮಾರಕ್ಕ ಬಂದಾಗ ಅಜ್ಜಿ ನೀರು ಹೊಯ್ಯುತ್ತ ಅವಳಿಗೂ ಕತೆ ಹೇಳಿದಳು.

“ನಮ್ಮ ಮಗೀನ್ ಕೈಲಿ ಕಕ್ಕಸು ತೊಳೆಸವ್ಳೆ ಕಣಮ್ಮಿ ಆ ಮೇಡಮ್ಮ.”

ಮಾರಕ್ಕ ಉಜ್ಜುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ನಿಜವಾಗಿಯೂ ಮರುಕವಿತ್ತು.

“ಅಯ್ಯೋ, ಎಳೇ ಮಗಿನ್ ಕೈಲಿ ಮಾಡ್ಸೋ ಕೆಲ್ಸವಾ ಅವ್ವ ಇದು?”

ಅವಳ ಮಗಳೂ ನನ್ನದೇ ತರಗತಿ, ನನ್ನದೇ ವಯಸ್ಸು. ಅದು ನಮ್ಮಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಅಪ್ಪನ ಅರ್ಜಿ ತಲುಪಿ, ಶಿಕ್ಷಣ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು. ಹೆಡ್‌ಮಾಸ್ಟರ ಕೋಣೆಯಲ್ಲಿ ಅಪ್ಪ ಕುರ್ಚಿಯ ಮೇಲೆ ಕೂತಿದ್ದರು, ವನಜಾ ಮಿಸ್ ನಿಂತಿದ್ದರು. ಹನುಮಕ್ಕ ತನ್ನನ್ನೂ ಕರೆಯುತ್ತಾರೆಂದು ಬಾಗಿಲ ಹೊರಗೆ ತಲೆ ಬಾಚಿಕೊಂಡು ಕಾದಿದ್ದಳು. ಆ ದಿನ ಕಕ್ಕಸಿನ ಹತ್ತಿರ ಏನು ನಡೆದಿತ್ತೆಂದು ಕಣ್ಣಾರೆ ಕಂಡಿದ್ದವಳು ಅವಳೊಬ್ಬಳೇ. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ. ಸಾಹೇಬರು ನನ್ನನ್ನು ಹತ್ತಿರಕ್ಕೆ ಕರೆದು ಮೆಲ್ಲಗೆ ಕೇಳಿದರು.

“ಹೆದರ್ಕೋಬೇಡ ಮರಿ. ಮೇಡಮ್ಮು ನಿನ್ ಕೈಲಿ ತೊಳೆಸಿದ್ದು, ಹೊಡೆದಿದ್ದು ನಿಜಾನಾ?”

ನಾನು ತಲೆಯಾಡಿಸಿದೆ. ಆಗ ಮಿಸ್ ಬಾಯಿ ತೆರೆದರು. ದನಿ ಶುಕ್ರವಾರದ ಸಭೆಯಲ್ಲಿರುತ್ತಿದ್ದ ಹಾಗೇ ಇತ್ತು.

“ಸುಮಾ, ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳು ಪುಟ್ಟ. ಏನ್ ಹೇಳಿದ್ರೂ ನಾನು ಬೈಯಲ್ಲ.”

ಅವರು ಬೈದಿದ್ದರೆ ನಾನು ನಿಜ ಹೇಳುತ್ತಿದ್ದೆನೇನೋ ಎಂದು ಬಹಳ ಸಲ ಅಂದುಕೊಂಡಿದ್ದೇನೆ. ಅದು ನನಗೆ ನಾನೇ ಕೊಟ್ಟುಕೊಳ್ಳುವ ನೆಪ. ಅಪ್ಪನ ಕಡೆ ನೋಡಿದೆ. “ಹೌದು ಸಾರ್” ಎಂದೆ. ಹೊರಗೆ ಬಂದಾಗ ಹನುಮಕ್ಕ ನನ್ನನ್ನು ನೋಡಿದಳು. ನಾನು ಅಪ್ಪನ ಕೈ ಹಿಡಿದುಕೊಂಡು ಅವಳ ಪಕ್ಕದಲ್ಲೇ ಹಾದುಹೋದೆ.

ವಾರದೊಳಗೆ ಮಿಸ್ಸನ್ನು ಕುಣಿಗಲ್ ಕಡೆಯ ಯಾವುದೋ ಹಳ್ಳಿ ಶಾಲೆಗೆ ಹಾಕಿದರು. ಪಟ್ಟಿ ಹರಿದರು. ಮಕ್ಕಳಿಂದ ಕಕ್ಕಸು ತೊಳೆಸಬಾರದು ಎಂದು ಸಾಹೇಬರು ಹೇಳಿ ಹೋದದ್ದನ್ನು ಹೆಡ್‌ಮಾಸ್ಟರು ಪ್ರಾರ್ಥನೆಯಲ್ಲಿ ಓದಿ ಹೇಳಿದರು. ಆದರೆ ತೊಳೆಯುವವರನ್ನು ಆಗಲೂ ಯಾರೂ ಕಳಿಸಲಿಲ್ಲ. ಹದಿನೈದು ದಿನಕ್ಕೆ ಆ ಕಡೆ ಹೋಗುವಂತಿರಲಿಲ್ಲ. ಒಂದು ಬೆಳಿಗ್ಗೆ, ನಾವೆಲ್ಲ ಸಾಲಾಗಿ ನಿಂತಿದ್ದಾಗ, ಜವಾನ ಬಂದು ಬಾರಮ್ಮ ಇಲ್ಲಿ ಎಂದು ಒಬ್ಬಳನ್ನೇ ಕರೆದುಕೊಂಡು ಹೋದ. ಹನುಮಕ್ಕನನ್ನು. ಮಾರನೆಯ ದಿನವೂ ಅಷ್ಟೇ. ಆಮೇಲೆ ಕರೆಯುವುದೂ ಬೇಕಾಗಲಿಲ್ಲ. ಪ್ರಾರ್ಥನೆ ಶುರುವಾಗುತ್ತಿದ್ದಂತೆ ಅವಳೇ ಸಾಲಿನಿಂದ ಹೊರಗೆ ನಡೆಯುತ್ತಿದ್ದಳು. ಈ ಏರ್ಪಾಡು ಯಾವ ಪಟ್ಟಿಯಲ್ಲೂ ಇರಲಿಲ್ಲ, ಯಾರೂ ಅದನ್ನು ಗಟ್ಟಿಯಾಗಿ ಓದಲೂ ಇಲ್ಲ. ಮೊದಲ ಪಾಠ ಅರ್ಧವಾದ ಮೇಲೆ ಒದ್ದೆ ಕಾಲಲ್ಲಿ ಬರುತ್ತಿದ್ದಳು. ಹೊಸದಾಗಿ ಬಂದ ಮೇಷ್ಟ್ರು ಲೇಟಾಗಿ ಬಂದವಳೆಂದು ಅವಳನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದರು.

ನಾನು ಆಗಲೂ ಸ್ವಚ್ಛತಾ ಮಂತ್ರಿಯೇ. ಮೊದಲ ಬೆಂಚಿನಲ್ಲಿ ಕೂತಿರುತ್ತಿದ್ದೆ. ಎದ್ದು ನಿಂತು, ಸಾರ್, ಅವಳು ಎಲ್ಲಿಗೆ ಹೋಗಿದ್ದಳು ಅಂದರೆ ಎಂದು ಒಂದು ಮಾತು ಹೇಳಬಹುದಿತ್ತು. ಹಾಗೆ ಎದ್ದು ನಿಂತು ಹೇಳುವುದನ್ನು ವನಜಾ ಮಿಸ್ ವಾರವಾರ ಕಲಿಸಿದ್ದರು, ನನಗೆ ಅದು ಚೆನ್ನಾಗಿಯೇ ಬರುತ್ತಿತ್ತು. ಹೇಳಲಿಲ್ಲ. ದಸರಾ ರಜೆ ಮುಗಿದ ಮೇಲೆ ಹನುಮಕ್ಕ ಶಾಲೆಗೆ ಬರಲಿಲ್ಲ. ಅವಳ ಜಾಗಕ್ಕೆ ನನ್ನ ಗೆಳತಿಯೊಬ್ಬಳು ಬಂದು ಕೂತಳು. ಮಾರಕ್ಕನೂ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ಜಂಬ ಬಂದಿದೆ ಅವಳಿಗೆ ಎಂದು ಅಜ್ಜಿ ಬೈದುಕೊಂಡಳು.

ನಾನು ಓದಿ, ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ, ಆಮೇಲೆ ಶಿಕ್ಷಕರಿಗೆ ತರಬೇತಿ ಕೊಡುವವಳಾದೆ. ತುಮಕೂರಿನ ಶಿರಾ ಗೇಟ್ ಹತ್ತಿರ ಮನೆ ಮಾಡಿದ್ದೇನೆ. ಅಪ್ಪ, ಅಜ್ಜಿ ಹೋದ ಮೇಲೆ ಅಮ್ಮ ನನ್ನ ಜೊತೆಗಿದ್ದಾಳೆ. ಮಕ್ಕಳಿಗೆ ಸಮಾನತೆಯನ್ನು, ಹಂಚಿಕೊಂಡು ದುಡಿಯುವುದನ್ನು ಕಲಿಸುವುದು ಹೇಗೆ ಎನ್ನುವುದು ನನ್ನ ವಿಷಯ. ಆ ತರಬೇತಿಗಳಲ್ಲಿ ನಾನು ವನಜಾ ಮಿಸ್ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಗುಂಡಿ ಹೊಲಿಸಿದ್ದು, ಪೋಸ್ಟಾಫೀಸು, ಪಟ್ಟಿ, ತೊಳೆದ ಕೈಗಳನ್ನು ಚಾಚಿ ತೋರಿಸಿದ್ದು. ಕತೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಅಂಥ ಗುರುಗಳ ಶಿಷ್ಯೆ ನೀವು ಎಂದು ಕೈ ಮುಗಿದವರೂ ಇದ್ದಾರೆ. ಆ ನಮಸ್ಕಾರವನ್ನು ನಾನು ತೆಗೆದುಕೊಂಡಿದ್ದೇನೆ.

ಕಳೆದ ವರ್ಷ ಹೆಬ್ಬೂರಿನ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕರು ಮತ್ತು ಪೋಷಕರಿಗೆ ಕಾರ್ಯಕ್ರಮವಿತ್ತು. ಅಲ್ಲೂ ಅದೇ ಕತೆ ಹೇಳಿದೆ. ಮುಗಿದ ಮೇಲೆ ಶಾಲಾ ಸಮಿತಿಯ ಅಧ್ಯಕ್ಷೆ ಟೀ ಲೋಟ ಹಿಡಿದು ನನ್ನ ಹತ್ತಿರ ಬಂದರು. ಕನ್ನಡಕ, ನೀಲಿ ಸೀರೆ, ನನ್ನಷ್ಟೇ ವಯಸ್ಸು.

“ಚೆನ್ನಾಗಿ ಹೇಳಿದ್ರಿ ಮೇಡಂ. ಅರ್ಧಕ್ಕೇ ನಿಲ್ಲಿಸ್ಬುಟ್ರಲ್ಲ?”

ನಾನು ಅವರ ಮುಖ ನೋಡಿದೆ. ಮಾತಿಗೆ ಮೊದಲು ಸ್ವಲ್ಪ ನಕ್ಕಿದ್ದರು.

“ನಾನು ಹನುಮಕ್ಕ.”

ಅವಳು ಚಾಚಿದ ಟೀ ಲೋಟವನ್ನು ನಾನು ತೆಗೆದುಕೊಂಡೆ. ಸುತ್ತ ಶಿಕ್ಷಕರು ಮಾತಾಡುತ್ತ ನಿಂತಿದ್ದರು. ಅವಳು ದನಿ ತಗ್ಗಿಸಿಯೇ ಮಾತಾಡಿದಳು. ನನ್ನ ಮಾನ ಉಳಿಸಲೆಂದು ಹಾಗೆ ಮಾಡಿದಳು ಎಂದು ನನಗೆ ಅರ್ಥವಾದದ್ದು ಆಮೇಲೆ. ಅವಳು ಶಾಲೆ ಬಿಟ್ಟ ಸುದ್ದಿ ಕೇಳಿ ಮಿಸ್ ಕುಣಿಗಲ್ಲಿಂದ ಹುಡುಕಿಕೊಂಡು ಬಂದಿದ್ದರಂತೆ. ಮಾರಕ್ಕನನ್ನು ಒಪ್ಪಿಸಿ ಅವಳನ್ನು ಅಲ್ಲಿನ ಹಾಸ್ಟೆಲಿಗೆ ಸೇರಿಸಿದ್ದರಂತೆ. ಹತ್ತನೇ ತರಗತಿವರೆಗೆ ಓದಿಸಿದ್ದರಂತೆ.

“ಮಿಸ್ಸು ಈಗ…”

“ಎರಡು ವರ್ಸ ಆಯ್ತು, ತೀರ್ಕಂಡ್ರು. ನಾನು ಹೋಗಿದ್ದೆ.”

ಎಷ್ಟೋ ವರ್ಷಗಳಿಂದ ಎದೆಯಲ್ಲಿದ್ದ ಮಾತು ಆಗ ಹೊರಗೆ ಬಂತು. ಬಂದದ್ದು ತೊದಲಿಕೊಂಡು.

“ಹನುಮಕ್ಕ, ನಾನು ಅವತ್ತು ಸುಳ್ಳು ಹೇಳ್ದೆ.”

“ಗೊತ್ತಲ್ಲ. ಮಿಸ್ಸಿಗೆ ನಿಮ್ಮ ಮೇಲೆ ಕ್ವಾಪ ಇರ್ಲಿಲ್ಲ. ಅವ್ಳು ಮಗು, ಮನೇಲಿ ಹೆದರ್ಕಂಡಿರ್ತಾಳೆ ಅಂತಿದ್ರು.” ಅವಳು ಕನ್ನಡಕ ಸರಿಪಡಿಸಿಕೊಂಡು ಹೇಳಿದಳು: “ನಂಗೆ ಮಾತ್ರ ಹಂಗನ್ನಿಸ್ಲಿಲ್ಲ. ನಾನೂ ಮಗುನೇ ಆಗಿದ್ನಲ್ಲ.”

ಏನೋ ಕೇಳಬೇಕೆಂದು, ಈ ಶಾಲೆಯಲ್ಲಿ ಮಕ್ಕಳು ಸರದಿಯಂತೆ ಕೆಲಸ ಮಾಡುತ್ತಾರಾ ಎಂದು ಕೇಳಿದೆ. ಪೆದ್ದು ಪ್ರಶ್ನೆ.

“ಎಲ್ಲಾ ಮಾಡ್ತಾರೆ. ಕಕ್ಕಸು ಕಡೆ ಮಾತ್ರ ಯಾವ ಮಗೂನೂ ಪೊರಕೆ ಹಿಡ್ಕಂಡು ಹೋಗಂಗಿಲ್ಲ. ಆಳು ಬರದಿದ್ರೆ ನಾವು ಸಮಿತಿಯೋರು, ಮೇಷ್ಟ್ರುಗಳು ಸೇರಿ ತೊಳೀತೀವಿ. ಮಿಸ್ ಮನಸು ಒಳ್ಳೇದೇ. ಆದ್ರೆ ಪಟ್ಟಿ ಹರುದ್ರೆ ಆ ಕೆಲ್ಸ ಯಾರ್ ತಲೆ ಮೇಲೆ ಬಂದು ಬೀಳುತ್ತೆ ಅನ್ನೋದು ಅವ್ರಿಗೆ ಗೊತ್ತಿರ್ಲಿಲ್ಲ. ನಂಗೊತ್ತು.”

“ನನ್ನ ಕ್ಷಮಿಸ್ಬಿಡು” ಎಂದೆ. ಅವಳು ನನ್ನ ಲೋಟದ ಕಡೆ ನೋಡಿದಳು.

“ಟೀ ಆರ್ತದೆ ಮೇಡಂ, ಕುಡೀರಿ” ಎಂದು ಹೇಳಿ, ಊಟದ ವ್ಯವಸ್ಥೆ ನೋಡಲು ಹೋದಳು. ನಾನು ಅವಳನ್ನು ನೀನು ಅಂದಿದ್ದೆ. ಅವಳು ಕೊನೆಯವರೆಗೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಅಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಚಪ್ಪಲಿ ಬಿಟ್ಟವಳೇ ಅವಳೆದುರು ಕೂತು ಎಲ್ಲ ಹೇಳಿದೆ. ಹೊಟ್ಟೆನೋವು, ಹೊಡೆದರು ಅಂದದ್ದು, ಸಾಹೇಬರ ಮುಂದೆ ತಲೆಯಾಡಿಸಿದ್ದು, ಹನುಮಕ್ಕ ಬಾಗಿಲ ಹೊರಗೆ ನಿಂತದ್ದು. ಅಮ್ಮ ಕೆಲಸ ನಿಲ್ಲಿಸಲಿಲ್ಲ.

“ನಂಗೊತ್ತಿತ್ತು ಕಣೇ.”

“ಯಾವಾಗಿಂದ?”

“ಅವತ್ತೇ. ನೀನು ಹೇಳ್ತಿದ್ದಾಗ್ಲೇ. ನನ್ ಮುಖ ನೋಡ್ಲೇ ಇಲ್ಲ ನೀನು, ಅಜ್ಜಿ ಮುಖಾನೇ ನೋಡ್ತಿದ್ದೆ.”

“ಮತ್ತೆ ಯಾಕಮ್ಮ ಸುಮ್ನಿದ್ದೆ? ಅಜ್ಜಿಗೆ ಹೆದರ್ಕೊಂಡಾ?”

ಅಮ್ಮ ಸಿಪ್ಪೆಗಳನ್ನು ಒಂದು ಕಡೆಗೆ ಸರಿಸಿದಳು.

“ಅಜ್ಜಿಗಲ್ಲ. ನಿಜ ಹೇಳ್ಬಿಟ್ರೆ ಮುಂದಿನ್ ವಾರ ನೀನು ತೊಳೀಬೇಕಾಗಿತ್ತಲ್ಲ. ನನ್ ಮಗಳು ಅದನ್ನ ಮುಟ್ಬಾರ್ದು ಅನ್ನೋದು ಅಜ್ಜಿಗಿಂತ ನಂಗೇ ಜಾಸ್ತಿ ಇತ್ತು ಕಣೇ.” ಅಮ್ಮನ ಕೈ ಈಗ ನಿಂತಿತ್ತು. “ಮಾರಕ್ಕಂಗೂ ತನ್ ಮಗಳ ವಿಷ್ಯದಲ್ಲಿ ಹಂಗೇ ಇದ್ದಿರುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಅವ್ಳು ವಾರವಾರ ನಮ್ಮನೇಗೇ ಬರ್ತಿದ್ಳು, ನೋಡು. ಆದ್ರೂ ಹೊಳೀಲಿಲ್ಲ.”